ಗೋದಲಿಯೊಳಗೆ ಮುಚ್ಚಳದ ಫ್ಯಾಕ್ಟರಿ

ಬೆತ್ಲೆಹೇಮಿನಲ್ಲಿ ಬೋರ್‌ವೆಲ್ ಲಾರಿ ಇತ್ತೆಂದು ಬೈಬಲ್ಲಿನಲ್ಲಿ ಎಲ್ಲೂ ಬರೆದಿಲ್ಲ. ನಮ್ಮೂರಿನ ಬೆತ್ಲೆಹೇಮಿನಲ್ಲಿ ಇತ್ತು. ಬಾಲಯೇಸು ಮಲಗಿದ್ದ ಕೊಟ್ಟಿಗೆಯ ಎಡಕ್ಕೆ ಮೂವರು ರಾಜರು ಒಂಟೆಗಳ ಜೊತೆ ನಿಂತಿದ್ದರೆ, ಬಲಕ್ಕೆ ತಮಿಳುನಾಡಿನ ನಂಬರ್ ಪ್ಲೇಟಿನ ಬೋರ್‌ವೆಲ್ ಲಾರಿ ನಿಂತಿರುತ್ತಿತ್ತು. ಇನ್ನೊಂದು ಮನೆಯ ಬೆತ್ಲೆಹೇಮಿನಲ್ಲಿ ಜೆಸಿಬಿ. ಅದರಾಚೆಯ ಮನೆಯಲ್ಲಿ ಕುರುಬರು ಕೂರಬೇಕಾದ ಬಯಲಿನಲ್ಲಿ ಸುಣ್ಣ ಬಳಿದ ಪುಟ್ಟ ಕಲ್ಲು ನೆಟ್ಟು ಸೈಟು ವಿಂಗಡಿಸಿದ್ದರು, ಮೂಲೆ ಸೈಟಿಗೆ ಬೇಲಿ ಬೇರೆ. ದೇವರ ಮಗ ಹುಟ್ಟಿದ ಊರಲ್ಲಿ ಜಮೀನಿನ ಬೆಲೆ ಏರಿದರೆ ತಪ್ಪೇನು ಎಂದು ಆ ಮನೆಯ ಯಜಮಾನ ಕೇಳುತ್ತಿದ್ದ.

ನಮ್ಮದು ಮರಳವಾಡಿ ಕಡೆಯ ಸಣ್ಣ ಊರು. ಅರ್ಧ ಊರು ಶಿಲುಬೆಗೆ ಕೈಮುಗಿದರೆ ಇನ್ನರ್ಧ ಊರು ಮಾರಮ್ಮನಿಗೆ ಕೈಮುಗಿಯುತ್ತದೆ. ತಿನ್ನುವ ಮುದ್ದೆ ಮಾತ್ರ ಎರಡೂ ಕಡೆ ಒಂದೇ. ನಮ್ಮ ಮನೆಯವರು ತಲೆತಲಾಂತರದಿಂದ ಕ್ರೈಸ್ತರು, ಅದಕ್ಕೂ ಹಿಂದಿನಿಂದ ರಾಗಿ ಬೆಳೆಯುವವರು. ಚರ್ಚನ್ನು ನಾವು ಗುಡಿ ಎನ್ನುತ್ತೇವೆ, ಪಾದ್ರಿಗಳನ್ನು ಸ್ವಾಮಿಗಳು ಎನ್ನುತ್ತೇವೆ. ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯೊಂದನ್ನು ಕ್ರಿಸ್ಮಸ್ಸಿಗೆ ಮನೆಮನೆಯಲ್ಲೂ ಕಟ್ಟುತ್ತೇವಲ್ಲ, ಅದಕ್ಕೆ ಗೋದಲಿ ಎನ್ನುತ್ತೇವೆ.

ಗೋದಲಿ ಕಟ್ಟುವುದು ಗಂಡಸರ ಕೆಲಸ ಎಂದು ಊರಿನ ಗಂಡಸರು ನಂಬಿದ್ದರು. ಅವರು ಮಾಡುತ್ತಿದ್ದುದು ಇಷ್ಟು: ಸಿಮೆಂಟು ಚೀಲದ ಕಾಗದವನ್ನು ಸುಕ್ಕು ಮಾಡಿ ಬೆಟ್ಟ ನಿಲ್ಲಿಸುವುದು, ಬಿದಿರು ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ನಕ್ಷತ್ರ ಮಾಡುವುದು, ಅದರೊಳಗೆ ಬಲ್ಬು ಹಾಕಿ ಕರೆಂಟು ಬರುವುದನ್ನು ಕಾಯುತ್ತಾ ಬೀಡಿ ಸೇದುವುದು. ಉಳಿದದ್ದೆಲ್ಲ ಅವ್ವನದು. ಹಬ್ಬಕ್ಕೆ ಎರಡು ವಾರ ಇರುವಾಗಲೇ ಅವಳು ಹೊಲದಿಂದ ಮಣ್ಣು ತಂದು ಜರಡಿ ಹಿಡಿದು ಅಗಲವಾದ ತಟ್ಟೆಗಳಿಗೆ ತುಂಬಿ ರಾಗಿ ಎರಚುತ್ತಿದ್ದಳು. ಬೆಳಿಗ್ಗೆ ಬಿಸಿಲಿಗೆ, ಸಂಜೆ ಒಳಗೆ. ಕೋಳಿ ಕೆದಕದ ಹಾಗೆ ಮಂಕರಿ ಕವುಚುವುದು. ಹಬ್ಬದ ಹೊತ್ತಿಗೆ ಬೆರಳುದ್ದದ ಪೈರು ಎದ್ದು ನಿಂತು ಬೆತ್ಲೆಹೇಮು ಹಸಿರಾಗುತ್ತಿತ್ತು. ಎದುರುಮನೆಯ ಕುರಿ ಸಾಕುವ ಅಣ್ಣ ಮಾರಮ್ಮನ ಒಕ್ಕಲು. ಆದರೂ ಹಬ್ಬದ ದಿನ ತನ್ನ ಎಳೆಯ ಕುರಿಮರಿಯೊಂದನ್ನು ತಂದು ನಮ್ಮ ಗೋದಲಿಯ ಮುಂದೆ ಕಟ್ಟುತ್ತಿದ್ದ. ಯಾರೂ ನೋಡದಾಗ ಅದು ಅರ್ಧ ಬೆತ್ಲೆಹೇಮನ್ನು ಮೇಯುತ್ತಿತ್ತು. ಅಣ್ಣನಿಗೆ ನಾವು ಕಜ್ಜಾಯ ಕೊಡುತ್ತಿದ್ದೆವು, ಮರಿಗೆ ಬೈಗುಳ.

ಇದೆಲ್ಲದರ ಮೇಲೆ ನಮ್ಮೂರಿಗೇ ಸೇರಿದ ಒಂದು ನಂಬಿಕೆ ಇತ್ತು. ಗೋದಲಿಯಲ್ಲಿ ಏನನ್ನು ಇಡುತ್ತೀಯೋ ಅದು ವರ್ಷದೊಳಗೆ ಮನೆಗೆ ಬರುತ್ತದೆ. ಹಿಂದಿನವರು ಮಣ್ಣಿನ ಹಸು ಇಡುತ್ತಿದ್ದರು, ಬಾವಿ ಇಡುತ್ತಿದ್ದರು, ಮದುವೆಯಾಗದ ಮಗಳಿದ್ದರೆ ಒಂದು ಗಂಡುಗೊಂಬೆಯನ್ನು ಯಾವುದೋ ಮರದ ಕೆಳಗೆ ನಿಲ್ಲಿಸುತ್ತಿದ್ದರು. ಇದು ಮೂಢನಂಬಿಕೆ, ಬಾಲಯೇಸು ಅಂಗಡಿ ಇಟ್ಟಿಲ್ಲ ಎಂದು ಸ್ವಾಮಿಗಳು ಪ್ರಸಂಗದಲ್ಲಿ ಬೈಯುತ್ತಿದ್ದರು. ಒಂದು ವರ್ಷ ಗುಡಿಯ ಗೋದಲಿಯಲ್ಲೇ ಬಾಗಿಲ ಮರೆಯಲ್ಲಿ ಪುಟ್ಟ ಮೋಟಾರ್ ಬೈಕು ಕಾಣಿಸಿತು. ಮರುವರ್ಷ ಸ್ವಾಮಿಗಳು ಬೈಕಿನಲ್ಲಿ ಓಡಾಡಿದರು. ಅಲ್ಲಿಂದಾಚೆಗೆ ಪ್ರಸಂಗದಲ್ಲಿ ಆ ವಿಷಯ ಬರಲಿಲ್ಲ.

ಆ ಹೊತ್ತಿಗೆ ಹಾರೋಹಳ್ಳಿ ಕಡೆಯಿಂದ ಫ್ಯಾಕ್ಟರಿಗಳು ಒಂದೊಂದಾಗಿ ಎದ್ದು ನಮ್ಮತ್ತ ನಡೆದು ಬರುತ್ತಿದ್ದವು. ಹಳದಿ ಬಣ್ಣ ಬಳಿದ ಕಲ್ಲುಗಳನ್ನು ಮೊದಲು ನೆಟ್ಟರು, ಆಮೇಲೆ ರಸ್ತೆ ಬಂತು, ಆಮೇಲೆ ಕಾಂಪೌಂಡು. ನಮ್ಮ ಹೊಲವೂ ಹೋಯಿತು. ಅಲ್ಲಿ ಬಂದದ್ದು ನೀರಿನ ಬಾಟಲಿಗೆ ಮುಚ್ಚಳ ಮಾಡುವ ಫ್ಯಾಕ್ಟರಿ. ಬಾಟಲಿ ಇನ್ನೆಲ್ಲೋ, ನೀರು ಮತ್ತೆಲ್ಲೋ. ಮುಚ್ಚಳ ಮಾತ್ರ ನಮ್ಮ ಹೊಲದಲ್ಲಿ. ತಾತ ಮುತ್ತಾತಂದಿರು ಬೆವರು ಸುರಿಸಿದ ಭೂಮಿ ಕೊನೆಗೆ ಎಂಥ ಮಹಾಕಾರ್ಯಕ್ಕೆ ಒದಗಿತೆಂದು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಜಮೀನು ಬಿಟ್ಟುಕೊಟ್ಟ ಮನೆಗೊಂದು ಪರ್ಮನೆಂಟ್ ಕೆಲಸ ಎಂದು ಹೇಳಿದ್ದರು. ಹೇಳಿದವರು ಯಾರು ಎಂದು ಆಮೇಲೆ ಹುಡುಕಿದರೆ ಯಾರೂ ಅಲ್ಲ. ಅಪ್ಪನಿಗೆ ಸಿಕ್ಕಿದ್ದು ಕಂಟ್ರಾಕ್ಟಿನ ಮೇಲೆ ತೋಟದ ಕೆಲಸ. ಫ್ಯಾಕ್ಟರಿಯ ಮುಂದೆ ಹುಲ್ಲುಹಾಸು ಬೆಳೆಸಿದ್ದರು. ಅದಕ್ಕೆ ನೀರು ಬಿಡುವುದು, ಕತ್ತರಿಸುವುದು. ತನ್ನದೇ ಹೊಲದಲ್ಲಿ, ಹಸು ಮೇಯಬಾರದ ಹುಲ್ಲಿಗೆ ಅಪ್ಪ ನೀರು ಬಿಡುತ್ತಿದ್ದ. ಆ ಫ್ಯಾಕ್ಟರಿಯಲ್ಲಿ ಕಂಟ್ರಾಕ್ಟಿನವರ ಕೊರಳಿಗೆ ಕೆಂಪು ದಾರದ ಕಾರ್ಡು, ಪರ್ಮನೆಂಟಿನವರ ಕೊರಳಿಗೆ ನೀಲಿ ದಾರದ ಕಾರ್ಡು. ನೀಲಿಯವರಿಗೆ ಕ್ಯಾಂಟೀನಿನಲ್ಲಿ ಊಟ, ಕಾಯಿಲೆ ಬಿದ್ದರೆ ಆಸ್ಪತ್ರೆ, ಮಕ್ಕಳ ಓದಿಗೆ ನೆರವು. ಕೆಂಪಿನವರು ಬುತ್ತಿ ಕಟ್ಟಿಕೊಂಡು ಹೋಗಿ ಹೊರಗೆ ಹೊಂಗೆ ಮರದ ಕೆಳಗೆ ಉಣ್ಣಬೇಕು. ಅಪ್ಪನ ಜೀವವೆಲ್ಲ ಆ ನೀಲಿ ದಾರದ ಮೇಲಿತ್ತು. ನಾನು ಆಗ ಹೈಸ್ಕೂಲಿನಲ್ಲಿದ್ದೆ. ಮುಂದೆ ಕನಕಪುರಕ್ಕೆ ಕಾಲೇಜಿಗೆ ಹೋಗುವುದೋ ಬಿಡುವುದೋ ಎಂಬುದೂ ಅದೇ ದಾರಕ್ಕೆ ನೇತುಬಿದ್ದಿತ್ತು.

ಆ ವರ್ಷದ ಕ್ರಿಸ್ಮಸ್ಸಿಗೆ ಅಪ್ಪ ಗೋದಲಿಯಲ್ಲಿ ಫ್ಯಾಕ್ಟರಿ ಕಟ್ಟಿದ.

ಥರ್ಮಾಕೋಲಿನ ಗೋಡೆ, ನೀಲಿ ಕಾಗದದ ಸೂರು, ಪೊರಕೆ ಕಡ್ಡಿಯ ಗೇಟು. ಗೇಟಿನ ಪಕ್ಕ ಸೆಕ್ಯೂರಿಟಿಯವನ ಗೂಡು. ಕುರುಬನ ಗೊಂಬೆಯೊಂದಿತ್ತು, ಅದರ ಕಂಬಳಿಯ ಮೇಲೆ ಬಣ್ಣ ಬಳಿದು ಯೂನಿಫಾರಂ ಮಾಡಿದ, ಕೈಯಲ್ಲಿದ್ದ ಕೋಲಿಗೆ ನೀರಿನ ಪೈಪು ಸುತ್ತಿದ. ಕೊರಳಿಗೆ ನೀಲಿ ದಾರ ಕಟ್ಟಿದ. ದೇವದೂತನು ಸುವಾರ್ತೆ ಹೇಳಲು ಬಂದಾಗ ಕುರುಬನಿಗೆ ಪರ್ಮನೆಂಟ್ ಆಗಿತ್ತು. ಇಷ್ಟೆಲ್ಲ ಆದ ಮೇಲೆ ಜಾಗ ಸಾಲದೆ ಬಾಲಯೇಸುವಿನ ಕೊಟ್ಟಿಗೆ ಕಾಂಪೌಂಡಿನ ಹೊರಗೆ, ಮೂಲೆಗೆ ಹೋಯಿತು.

ಅವ್ವ ರಾಗಿ ಪೈರಿನ ತಟ್ಟೆ ಹಿಡಿದು ಬಂದವಳು ನೋಡಿ ಅಲ್ಲೇ ನಿಂತಳು.

"ನಿಂಗೇನು ಬುದ್ಧಿ ಗಿದ್ಧಿ ಐತಾ? ಮರಿಯಮ್ಮ ಬಾಣಂತಿ ಕಣಯ್ಯ. ಅವಳ್ನ ತಗಂಡೋಗಿ ಫ್ಯಾಕ್ಟ್ರಿ ಮೋರಿ ಪಕ್ಕ ಕೂರಿಸಿದ್ದೀಯಲ್ಲ!"

"ಅಲ್ಲೆಲ್ಲೈತೆ ಮೋರಿ? ಮೋರಿ ಮಾಡಿಲ್ಲ ನಾನು," ಎಂದ ಅಪ್ಪ.

"ಮಾಡ್ದಿದ್ರೂ ಬತ್ತದೆ. ನಮ್ಮ ಹೊಲ್ದಾಗೆ ಬರ್ನಿಲ್ವಾ?"

ಎದುರುಮನೆಯ ಅಣ್ಣ ಕುರಿಮರಿ ಕಟ್ಟಲು ಬಂದವನು ಬಗ್ಗಿ ನೋಡಿ, ತುಂಬ ಗೌರವದಿಂದಲೇ ಕೇಳಿದ: "ಏನಣ್ಣ, ನಿಮ್ಮ ದ್ಯಾವ್ರಿಗೆ ನೈಟ್ ಶಿಫ್ಟಾ?"

ಅಪ್ಪ ನಗಲಿಲ್ಲ. ಅವನು ಆಟ ಆಡುತ್ತಿರಲಿಲ್ಲ, ಬೇಡುತ್ತಿದ್ದ. ಗೊಂಬೆಯ ಕೊರಳಿನ ದಾರ ಸರಿಯಾಗಿ ಕಾಣುವ ಹಾಗೆ ಮತ್ತೆ ಮತ್ತೆ ತಿರುಗಿಸಿ ನಿಲ್ಲಿಸುತ್ತಿದ್ದುದನ್ನು ನಾನು ನೋಡಿದೆ. ನನಗೆ ಆಗ ಅವನ ಮೇಲೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು.

ಅದೇ ವರ್ಷ ಫ್ಯಾಕ್ಟರಿಯವರಿಗೆ ನಮ್ಮ ಮೇಲೆ ಪ್ರೀತಿ ಉಕ್ಕಿತು. ಸುತ್ತಲ ಹಳ್ಳಿಗಳಿಗೆ ಏನಾದರೂ ಮಾಡಬೇಕು ಎಂದು ಮೇಲಿನಿಂದ ಆಜ್ಞೆಯಾಗಿತ್ತಂತೆ. ಕುಡಿಯುವ ನೀರು, ಬೀದಿದೀಪ, ಕೆಲಸ ಎಂಬ ಸಣ್ಣಪುಟ್ಟ ವಿಷಯಗಳನ್ನು ಬದಿಗಿಟ್ಟು ಅವರು ಗೋದಲಿ ಸ್ಪರ್ಧೆ ಇಟ್ಟರು. ತೀರ್ಪುಗಾರರು ಎಚ್‌ಆರ್ ಸಾಹೇಬರು. ಕೆಲಸ ಕೊಡುವವರೂ ಅವರೇ, ತೆಗೆಯುವವರೂ ಅವರೇ. ಆದ್ದರಿಂದ ಬೆತ್ಲೆಹೇಮಿನ ಬಗ್ಗೆಯೂ ಅವರಿಗೇ ಗೊತ್ತಿರಬೇಕು ಎಂದು ಊರು ಒಪ್ಪಿಕೊಂಡಿತು.

ಸ್ಪರ್ಧೆ ಎಂದೊಡನೆ ಊರಿಗೆ ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು. ಕನಕಪುರಕ್ಕೆ ಹೋಗಿ ಸೀರಿಯಲ್ ಸೆಟ್ಟು ತಂದರು, ಹತ್ತಿ ತಂದರು. ಹತ್ತಿ ಹಿಮಕ್ಕೆ. ಯಾವುದೋ ಗ್ರೀಟಿಂಗ್ ಕಾರ್ಡಿನಲ್ಲಿ ಬೆತ್ಲೆಹೇಮಿನ ಮೇಲೆ ಹಿಮ ಬಿದ್ದಿತ್ತು, ಆದ್ದರಿಂದ ಎಲ್ಲರ ಮನೆಯಲ್ಲೂ ಬಿತ್ತು. ಒಂಟೆಯ ಬೆನ್ನಿನ ಮೇಲೆ ಹಿಮ, ಬಾಳೆಗಿಡದ ಮೇಲೆ ಹಿಮ, ಬೋರ್‌ವೆಲ್ ಲಾರಿಯ ಮೇಲೆ ಹಿಮ. ಡಿಸೆಂಬರಿನಲ್ಲಿ ನಮ್ಮೂರಿನಲ್ಲಿ ಬೀಳುವುದು ಇಬ್ಬನಿ, ಅದೂ ಅವರೆ ಗಿಡದ ಮೇಲೆ. ಅವರೆಕಾಯಿ ಕೀಳಲು ಹೋದರೆ ಸೀರೆ ಮೊಣಕಾಲಿನ ತನಕ ಒದ್ದೆಯಾಗುತ್ತದೆ, ಅಷ್ಟೇ ನಮ್ಮ ಚಳಿಗಾಲ. ಒಬ್ಬರ ಮನೆಯಲ್ಲಿ ಸೀರಿಯಲ್ ಸೆಟ್ಟಿನ ಕಿಡಿ ತಗುಲಿ ಹಿಮಕ್ಕೆ ಬೆಂಕಿ ಹತ್ತಿಕೊಂಡಿತು. ಹಿಮ ಹೊತ್ತಿ ಉರಿಯುವುದನ್ನು ನೋಡಿದ ಪುಣ್ಯವಂತರು ಜಗತ್ತಿನಲ್ಲಿ ಎಷ್ಟು ಜನರಿದ್ದಾರು? ಬಿಂದಿಗೆಯಲ್ಲಿ ನೀರು ಹಾಕಿ ಆರಿಸಿದರು, ಮೂವರು ರಾಜರಲ್ಲಿ ಒಬ್ಬನ ಗಡ್ಡ ಸುಟ್ಟಿತು.

ಎಚ್‌ಆರ್ ಸಾಹೇಬರು ಬಂದರು. ಬಿಳಿ ಬೂಟು, ತಲೆಗೆ ಕಪ್ಪು ಕನ್ನಡಕ ಏರಿಸಿಕೊಂಡು, ಮನೆಮನೆಗೂ ನುಗ್ಗಿ "ಸೂಪರ್, ಸೂಪರ್" ಎಂದರು. ನಮ್ಮ ಮನೆಗೆ ಬಂದು ಗೋದಲಿ ನೋಡಿದವರೇ ಮಾತು ನಿಲ್ಲಿಸಿದರು. ಬಗ್ಗಿದರು. ಕೂತರು. ಮೊಬೈಲು ತೆಗೆದು ಫೋಟೋ ಹೊಡೆದರು.

"ಇದು ನಮ್ಮ ಪ್ಲಾಂಟ್ ಅಲ್ವಾ? ನೋಡ್ರೀ, ಕಂಪನಿ ಅಂದ್ರೆ ಈ ಜನಕ್ಕೆ ದೇವರ ಸಮಾನ!" ಎಂದು ಜೊತೆಗಿದ್ದವರಿಗೆ ಹೇಳಿದರು.

ಅಪ್ಪ ಕೈಕಟ್ಟಿಕೊಂಡು ಮುಂದೆ ಬಂದ. ಗೊಂಬೆಯ ಕಡೆ ಬೆರಳು ತೋರಿಸಿದ. "ಇವ್ನು ನಾನು ಸಾ. ದಾರ ನೋಡಿ ಸಾ, ದಾರ."

"ಚೆನ್ನಾಗಿದೆ, ಚೆನ್ನಾಗಿದೆ. ತುಂಬಾ ಕಲರ್‌ಫುಲ್ ಆಗಿದೆ."

ನಮಗೆ ಮೊದಲ ಬಹುಮಾನ ಬಂತು: ಪೆಟ್ಟಿಗೆಯೊಳಗೆ ಮಡಚಿಟ್ಟ ಪ್ಲಾಸ್ಟಿಕ್ಕಿನ ಕ್ರಿಸ್ಮಸ್ ಮರ. ಹುಣಸೆ, ಹೊಂಗೆ, ಬೇವು, ಹಲಸು ಎಲ್ಲ ಇದ್ದ ಊರಿಗೆ ಒಂದು ಮರದ ಕೊರತೆಯಿತ್ತು, ಅದನ್ನು ಕಂಪನಿ ನೀಗಿಸಿತು. ಅವ್ವ ಅದನ್ನು ಬಿಡಿಸಿ ನೋಡಿ, "ಸೌದೆಗೂ ಬರಾಕಿಲ್ಲ," ಎಂದಳು. ಆಮೇಲೆ ಅಪ್ಪನಿಗೆ ಇನ್ನೊಂದು ಮಾತು ಹೇಳಿದಳು: "ನೀನು ಬೇಡ್ಕಂಡೆ. ಅವ್ನು ಮಂಗಳಾರತಿ ಅಂದ್ಕಂಡ."

ಅಪ್ಪ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಸಾಹೇಬರು ಮನೆಗೆ ಬಂದು ನೆಲದ ಮೇಲೆ ಕೂತಿದ್ದರು, ಫೋಟೋ ಮೇಲಿನವರಿಗೆ ಹೋಗುತ್ತದೆ, ಇನ್ನೇನು ಆಗಿಯೇ ಹೋಯಿತು ಎಂದು ಊರಲ್ಲೆಲ್ಲ ಹೇಳಿಕೊಂಡು ತಿರುಗಿದ. ವರ್ಷವಿಡೀ ತಿರುಗಿದ. ಮೂಗಿಗೆ ತುಪ್ಪ ಸವರಿದರೆ ಪರಿಮಳ ಇಷ್ಟು ದಿನ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಮುಂದಿನ ಡಿಸೆಂಬರಿನಲ್ಲಿ ಸಾಹೇಬರು ಅಪ್ಪನನ್ನು ಕರೆಸಿದರು. ಫ್ಯಾಕ್ಟರಿಯ ರಿಸೆಪ್ಷನ್ನಿನಲ್ಲೇ ಒಂದು ಗೋದಲಿ ಆಗಬೇಕು, ದೊಡ್ಡ ಸಾಹೇಬರು ಮುಂಬಯಿಯಿಂದ ಕುಟುಂಬ ಸಮೇತ ಬರುತ್ತಾರೆ, ನಿಮ್ಮ ಮನೆಯ ಹಾಗೇ ಹಳ್ಳಿಯ ಸೊಗಡು ಇರಬೇಕು ಎಂದರು. ಅವ್ವ ಮೊದಲು ಒಪ್ಪಲಿಲ್ಲ. ಆಮೇಲೆ ಯಾಕೋ ತಾನೇ ತಟ್ಟೆಗಳನ್ನು ತೊಳೆದಳು. ರಾಗಿ ಎರಚಿದಳು. ಹೊಲ ಇರಲಿಲ್ಲವಾದ್ದರಿಂದ ಕಾಂಪೌಂಡು ಕಟ್ಟುವಾಗ ಅಗೆದು ಹೊರಗೆ ಸುರಿದಿದ್ದ ಗುಡ್ಡೆಯಿಂದ ಮಣ್ಣು ತಂದಿದ್ದಳು. ಅದು ನಮ್ಮ ಹೊಲದ ಮಣ್ಣೇ.

ಆ ತಟ್ಟೆಗಳನ್ನು ಹೊತ್ತುಕೊಂಡು ಅಪ್ಪ, ಅವ್ವ, ನಾನು ಗೇಟಿಗೆ ಹೋದೆವು. ಸೆಕ್ಯೂರಿಟಿಯವನು ತಡೆದ.

"ಮಣ್ಣು ಒಳ್ಗಡೆ ಬಿಡಂಗಿಲ್ಲ."

"ಸಾಹೇಬ್ರೇ ಹೇಳವ್ರೆ ಕಣಪ್ಪ," ಎಂದಳು ಅವ್ವ.

"ಸಾಹೇಬ್ರು ಗೋದಲಿ ಅಂದವ್ರೆ, ಮಣ್ಣು ಅಂದಿಲ್ಲ. ಇಲ್ಲಿ ಕುಡಿಯೋ ನೀರಿನ ಮುಚ್ಚಳ ಮಾಡ್ತಾರಮ್ಮ. ಧೂಳು ಬಂದ್ರೆ ನನ್ನ ಕೆಲ್ಸ ಹೋಯ್ತದೆ."

ಅವನು ಫೋನು ಮಾಡಿ ಕೇಳಿದ. ಮಣ್ಣು ಬೇಡವಂತೆ, ಹಸಿರು ಮ್ಯಾಟು ತರಿಸಿದ್ದಾರಂತೆ ಎಂದು ಉತ್ತರ ಬಂತು. ಆ ಮಣ್ಣಿನ ಮೇಲೇ ಫ್ಯಾಕ್ಟರಿ ನಿಂತಿದೆ, ಗೋಡೆ ನಿಂತಿದೆ, ಗೇಟು ನಿಂತಿದೆ, ನೀನೂ ನಿಂತಿದ್ದೀಯ ಎಂದು ಅವನಿಗೆ ಹೇಳಬೇಕು ಅನ್ನಿಸಿತು. ಪಾಪ, ಅವನ ಕೊರಳಿನಲ್ಲೂ ಕೆಂಪು ದಾರ. ಅವ್ವ ತಟ್ಟೆಗಳನ್ನು ಗೇಟಿನ ಹೊರಗೆ ಸಾಲಾಗಿ ಇಟ್ಟು, ಸೆರಗು ಕೊಡವಿ, ತಿರುಗಿ ನೋಡದೆ ಮನೆಗೆ ಹೋದಳು. ರಾಗಿ ಪೈರನ್ನು ಸಂಜೆ ಎದುರುಮನೆಯ ಅಣ್ಣನ ಕುರಿಗಳು ಮೇದವು. ಅಪ್ಪ ಒಳಗೆ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಹತ್ತಿಯ ಹಿಮ ಹರಡಿ ಬೆತ್ಲೆಹೇಮು ಮುಗಿಸಿದ. ಎಸಿಯಲ್ಲಿ ಅದು ಬಲು ಚೊಕ್ಕಟವಾಗಿ ಕಾಣುತ್ತಿತ್ತು, ಒಂದು ನೊಣವೂ ಇರಲಿಲ್ಲ.

ಗೋದಲಿ ಮುಗಿಸಿದ ದಿನವೇ ಸಾಹೇಬರು ಎರಡನೆಯ ಕೆಲಸ ಹೇಳಿದರು. ಆಫೀಸರ ಮಕ್ಕಳಿಗೆ ಕ್ಯಾಂಟೀನಿನಲ್ಲಿ ಪಾರ್ಟಿ, ಅಪ್ಪ ಕ್ರಿಸ್ಮಸ್ ತಾತನ ವೇಷ ಹಾಕಬೇಕು.

"ನೀವು ಕ್ರಿಶ್ಚಿಯನ್ ಅಲ್ವಾ, ನಿಮಗೆ ಇದೆಲ್ಲ ಗೊತ್ತಿರತ್ತೆ," ಎಂದರಂತೆ.

ಕ್ರಿಸ್ಮಸ್ ತಾತನನ್ನು ಅಪ್ಪ ನೋಡಿದ್ದು ಬೇಕರಿಯ ಗಾಜಿನ ಮೇಲೆ. ನಮ್ಮೂರಿನ ಹಬ್ಬದಲ್ಲಿ ಅಂಥ ತಾತ ಇರಲಿಲ್ಲ. ನಮ್ಮ ತಾತಂದಿರು ಯಾರೂ ಕೆಂಪಗಿರಲಿಲ್ಲ, ಯಾರಿಗೂ ಹೊಟ್ಟೆ ಇರಲಿಲ್ಲ, ಮಕ್ಕಳಿಗೆ ಏನಾದರೂ ಕೊಡುತ್ತಿದ್ದರೆ ಅದು ತಲೆಯ ಮೇಲೆ ಮೊಟಕು. ಆದರೂ ಅಪ್ಪ ಹೂಂ ಎಂದ. ಕಾರಣ ನಮಗೆ ಗೊತ್ತಿತ್ತು. ಎರಡು ವರ್ಷದಿಂದ ಅವನ ಅರ್ಜಿ ಕಂಟ್ರಾಕ್ಟರನನ್ನು ದಾಟಿ ಮೇಲೆ ಹೋಗಿರಲಿಲ್ಲ. ಕೆಂಪು ದಾರದವನು ದೊಡ್ಡ ಸಾಹೇಬರ ಹತ್ತಿರ ಸುಳಿಯುವಂತಿಲ್ಲ. ಕ್ರಿಸ್ಮಸ್ ತಾತ ಸುಳಿಯಬಹುದು, ಕೈಯನ್ನೂ ಕುಲುಕಬಹುದು.

"ಒಂದೇ ಒಂದು ಮಾತು ಕಿವಿಗೆ ಹಾಕ್ಬುಟ್ರೆ ಸಾಕು ಕಣವ್ವ," ಎಂದ ನನಗೆ. "ನೀನು ಬಾ ಜೊತೆಗೆ. ಅವ್ರು ಇಂಗ್ಲಿಷ್‌ನಾಗೆ ಅಂದ್ರೆ ನಂಗೊಸಿ ಹೇಳುವಂತೆ."

ನಾನು ಆಗ ಎಸ್ಸೆಸ್ಸೆಲ್ಸಿ. ಉಡುಗೊರೆಯ ಪೊಟ್ಟಣಗಳ ಮೇಲಿನ ಹೆಸರು ಓದಿ ಮಕ್ಕಳನ್ನು ಕರೆಯುವ ಕೆಲಸ ಕೊಟ್ಟು ನನ್ನನ್ನು ಒಳಗೆ ಬಿಟ್ಟರು. ಅಪ್ಪನಿಗೆ ಕೆಂಪು ವೆಲ್ವೆಟ್ಟಿನ ಅಂಗಿ ತೊಡಿಸಿದರು. ಅವನು ಸಣಕಲು ಆಳು. ಹೊಟ್ಟೆ ಸಾಲದೆಂದು ಮೆಷಿನು ಒರೆಸುವ ವೇಸ್ಟ್ ಬಟ್ಟೆ ತುಂಬಿ ಬೆಲ್ಟು ಬಿಗಿದರು. ಹೊಟ್ಟೆಯಿಂದ ಆಯಿಲ್ ವಾಸನೆ ಬರುತ್ತಿತ್ತು. ಕಿವಿಗೆ ದಾರ ಸಿಕ್ಕಿಸಿ ಹತ್ತಿಯ ಗಡ್ಡ ಕಟ್ಟಿದರು. ಗಡ್ಡಕ್ಕೂ ಟೋಪಿಗೂ ನಡುವೆ ಕಂಡದ್ದು ಅಪ್ಪನ ಕರಿಮುಖದ ಒಂದು ಪಟ್ಟಿ, ಎರಡು ಕಣ್ಣು. ಗಂಟೆ ಅಲ್ಲಾಡಿಸುತ್ತಾ ಅವನು "ಹೋ ಹೋ" ಎಂದ. ಅದು ಎತ್ತು ನಿಲ್ಲಿಸುವಾಗ ಕೂಗುವ ಹೋ. ಮಕ್ಕಳು ಚಪ್ಪಾಳೆ ತಟ್ಟಿದವು.

ಮಕ್ಕಳು ಸಾಲಾಗಿ ಬಂದು ತಮಗೇನು ಬೇಕೆಂದು ತಾತನ ಕಿವಿಯಲ್ಲಿ ಹೇಳಬೇಕಿತ್ತು. ಒಬ್ಬನಿಗೆ ರಿಮೋಟ್ ಕಾರು, ಒಬ್ಬಳಿಗೆ ನಾಯಿಮರಿ, ಇನ್ನೊಬ್ಬನಿಗೆ ಇನ್ನೊಂದು ರಿಮೋಟ್ ಕಾರು. ಅಪ್ಪ ಎಲ್ಲರಿಗೂ "ಆಯ್ತು ಮಗ, ಕೊಡವ" ಎಂದ. ಕೊನೆಗೆ ದೊಡ್ಡ ಸಾಹೇಬರು, ಬಿಳಿ ಕೂದಲಿನ ಹಸನ್ಮುಖಿ ಮನುಷ್ಯ, ಎದ್ದು ಬಂದು ಅಪ್ಪನ ಹೆಗಲ ಮೇಲೆ ಕೈಯಿಟ್ಟು ಇಂಗ್ಲಿಷಿನಲ್ಲಿ ಏನೋ ಕೇಳಿದರು.

"ಎಲ್ಲರಿಗೂ ಕೊಟ್ಟೆಯಲ್ಲ, ನಿನಗೇನು ಬೇಕು ತಾತ ಅಂತ ಕೇಳ್ತವ್ರೆ," ಎಂದು ನಾನು ಅಪ್ಪನಿಗೆ ಹೇಳಿದೆ.

ಅಪ್ಪನ ಕಣ್ಣು ಅಗಲವಾದವು. ಗಂಟೆಯನ್ನು ಕಂಕುಳಿಗೆ ಸಿಕ್ಕಿಸಿ ಎರಡೂ ಕೈ ಜೋಡಿಸಿದ. "ನನ್ನ ಪರ್ಮನೆಂಟ್ ಮಾಡ್ಬುಡಿ ಸಾ. ಇದೇ ಜಾಗ್ದಾಗೆ ನಮ್ಮ ಹೊಲ ಇತ್ತು. ಬುಟ್ಟುಕೊಟ್ಟಿವ್ನಿ ಸಾ."

ನಾನು ಇಂಗ್ಲಿಷಿನಲ್ಲಿ ಪದ ಹುಡುಕುತ್ತಿರುವಾಗಲೇ ಎಚ್‌ಆರ್ ಸಾಹೇಬರು ಮೈಕು ಹಿಡಿದು ಅದನ್ನು ತರ್ಜುಮೆ ಮಾಡಿಬಿಟ್ಟರು. ಅವರ ತರ್ಜುಮೆಯಲ್ಲಿ ಹೊಲ ಇರಲಿಲ್ಲ. ತಾತನಿಗೆ ನಮ್ಮ ಕಂಪನಿಯಲ್ಲಿ ಪರ್ಮನೆಂಟ್ ಕೆಲಸ ಬೇಕಂತೆ ಎಂದಷ್ಟೇ ಇತ್ತು. ಕ್ಯಾಂಟೀನಿಗೆ ಕ್ಯಾಂಟೀನೇ ನಕ್ಕಿತು. ದೊಡ್ಡ ಸಾಹೇಬರಿಗೆ ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು. ಹೆಂಗಸರು ನಕ್ಕರು, ನೀಲಿ ದಾರದವರು ನಕ್ಕರು, ಏನೂ ಅರ್ಥವಾಗದ ಮಕ್ಕಳೂ ನಕ್ಕವು. ಅಪ್ಪ ಜೋಡಿಸಿದ ಕೈಯನ್ನು ಬಿಡದೆ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದ. ಅಷ್ಟು ಜನರ ನಡುವೆ ನಗದೆ ನಿಂತಿದ್ದವರು ನಾವಿಬ್ಬರೇ. ಆ ನಗು ನನ್ನ ಕಿವಿಯಲ್ಲಿ ಈಗಲೂ ಇದೆ, ಅದನ್ನು ನಾನು ಯಾರಿಗೂ ಕ್ಷಮಿಸಿಲ್ಲ.

ದಾರಿಯುದ್ದಕ್ಕೂ ಅಪ್ಪ ಸಮಾಧಾನ ಹೇಳಿಕೊಂಡ. "ದೊಡ್ಡೋರ ಮನಸ್ಸಿಗೆ ಸಂತೋಸ ಆಯ್ತು ನೋಡು. ಸಂತೋಸ ಆದ್ಮೇಕೆ ಮಾಡ್ತಾರೆ."

ಮನೆಯಲ್ಲಿ ಕೇಳಿದ ಅವ್ವ, "ದೇವ್ರು ವರ ಕೊಟ್ರೂ ಪೂಜಾರಿ ಕೊಡ್ಬೇಕಲ್ಲ," ಎಂದು ಒಲೆಯ ಕಡೆ ತಿರುಗಿದಳು.

ಪೂಜಾರಿ ಕೊಡಲಿಲ್ಲ. "ಆಗತ್ತೆ, ಪ್ರೋಸೆಸ್‌ನಲ್ಲಿದೆ" ಎಂಬುದು ಎಚ್‌ಆರ್ ಸಾಹೇಬರ ಬಾಯಿಪಾಠ. ಅಪ್ಪನಿಗೂ ಅದು ಬಾಯಿಪಾಠವಾಯಿತು. ಯಾರಾದರೂ ಕೇಳಿದರೆ "ಪ್ರೋಸೆಸ್‌ನಾಗೈತೆ" ಎಂದು, ಬಸ್ಸು ಹಾರೋಹಳ್ಳಿ ಬಿಟ್ಟಿದೆ, ಇನ್ನೇನು ಬಂತು ಎನ್ನುವ ಧಾಟಿಯಲ್ಲಿ ಹೇಳುತ್ತಿದ್ದ. ನಾನು ಹೇಗೋ ಕನಕಪುರದ ಕಾಲೇಜಿಗೆ ಸೇರಿದೆ. ಅವ್ವ ರೇಷ್ಮೆಗೂಡು ಬಿಡಿಸುವ ಕೂಲಿಗೆ ಹೋಗತೊಡಗಿದ್ದಳು.

ಮತ್ತೆ ಡಿಸೆಂಬರು ಬಂತು. ಮತ್ತೆ ರಿಸೆಪ್ಷನ್ನಿನಲ್ಲಿ ಹಿಮ ಬಿತ್ತು. ಮತ್ತೆ ಅಪ್ಪನಿಗೆ ವೆಲ್ವೆಟ್ ಅಂಗಿ, ಮತ್ತೆ ನನಗೆ ಹೆಸರು ಓದುವ ಕೆಲಸ. ನಾನು ಬರುವುದಿಲ್ಲ ಎಂದಿದ್ದೆ. "ಇದೊಂದ್ಸಲ ಬಾರವ್ವ, ದೊಡ್ಡ ಸಾಹೇಬ್ರು ಬತ್ತವ್ರಂತೆ," ಎಂದು ಅಪ್ಪ ಅಂದ ಮೇಲೆ ಹೋದೆ. ಈ ಸಲ ದೊಡ್ಡ ಸಾಹೇಬರ ಜೊತೆ ಅವರ ಗೆಳೆಯರೂ ಬಂದಿದ್ದರು.

ಮಕ್ಕಳ ಸಾಲು ಮುಗಿಯಿತು. ಎಚ್‌ಆರ್ ಸಾಹೇಬರು ಮೈಕಿನೊಂದಿಗೆ ಮುಂದೆ ಬಂದರು. "ಈಗ ನೀವೆಲ್ಲ ಕಾಯ್ತಾ ಇರೋ ಐಟಂ! ತಾತ, ಹೋದ ವರ್ಷದ ಡೈಲಾಗ್ ಹೊಡೀರಿ!"

ಜನ ನಗಲು ಸಿದ್ಧರಾಗಿ ಕೂತರು. ಗೊತ್ತಿಲ್ಲದ ಹೊಸಬರಿಗೆ ಗೊತ್ತಿದ್ದವರು ಕಿವಿಯಲ್ಲಿ ಹೇಳುತ್ತಿದ್ದರು. ಒಬ್ಬ ಆಫೀಸರು ಕ್ಯಾಮೆರಾ ಹಿಡಿದು ಮಂಡಿಯೂರಿದ್ದ.

ಅಪ್ಪನಿಗೆ ತಕ್ಷಣ ಅರ್ಥವಾಗಲಿಲ್ಲ. ನನ್ನ ಕಡೆ ನೋಡಿದ. "ಯಾವ ಡೈಲಾಗು ಮಗ?"

"ಪರ್ಮನೆಂಟ್ ಮಾಡಿ ಅಂದ್ಯಲ್ಲಪ್ಪ, ಅದು," ಎಂದೆ.

ವರ್ಷವೆಲ್ಲ ತನ್ನ ಮಾತು ಎಲ್ಲಿತ್ತು ಎಂಬುದು ಅವನಿಗೆ ಆಗ ತಿಳಿಯಿತು. ಗಂಟೆಯನ್ನು ಮೇಜಿನ ಮೇಲಿಟ್ಟ. ಟೋಪಿ ತೆಗೆದ. ಕಿವಿಯ ಹಿಂದಿನ ದಾರ ಬಿಡಿಸಿ ಗಡ್ಡವನ್ನು ಕೈಗೆ ತೆಗೆದುಕೊಂಡ. ನರೆತ ಕುರುಚಲು ಗಡ್ಡದ, ಬಿಸಿಲಿಗೆ ಬೆಂದ ನನ್ನಪ್ಪನ ಮುಖ ಆ ಕೆಂಪು ಅಂಗಿಯ ಮೇಲೆ ಬಂತು. ಮೈಕಿನ ಹತ್ತಿರ ಹೋಗಿ, ಕೈಮುಗಿಯದೆ, ಊರಿನಲ್ಲಿ ಪಂಚಾಯ್ತಿ ಸೇರಿದಾಗ ಆಡುವ ದನಿಯಲ್ಲಿ ಹೇಳಿದ:

"ಈ ಜಾಗ ನಮ್ದು. ನೀವು ಊಟ ಮಾಡೋ ಈ ಕ್ಯಾಂಟೀನ್ ಐತಲ್ಲ, ಇಲ್ಲಿ ನಮ್ಮ ಕಣ ಇತ್ತು. ರಾಗಿ ಬಡೀತಿದ್ವಿ. ಮನೆಗೊಂದು ಕೆಲ್ಸ ಅಂತ ಮಾತು ಕೊಟ್ಟು ತಗಂಡ್ರಿ. ಮಾತು ಕೊಟ್ಟಿದ್ದು ನಡೆಸ್ಕೊಡಿ."

ಇದಕ್ಕೆ ಎಚ್‌ಆರ್ ಸಾಹೇಬರು ತರ್ಜುಮೆ ಮಾಡಲಿಲ್ಲ. ನಾನು ಮಾಡಿದೆ. ನನ್ನ ಕಾಲೇಜಿನ ಇಂಗ್ಲಿಷು ತಪ್ಪುತಪ್ಪಾಗಿತ್ತು, ಆದರೆ ಹೊಲ ಎಂಬ ಪದವನ್ನು ಬಿಡಲಿಲ್ಲ. ಕ್ಯಾಮೆರಾದವನು ಕ್ಯಾಮೆರಾ ಇಳಿಸಿದ. ದೊಡ್ಡ ಸಾಹೇಬರು ಕೈಯಲ್ಲಿದ್ದ ಕೇಕಿನ ತಟ್ಟೆಯನ್ನು ನೋಡುತ್ತಾ ಕೂತರು. ನೀಲಿ ದಾರದವರಲ್ಲಿ ನಮ್ಮೂರಿನ ಕಡೆಯವರೂ ಇದ್ದರು. ಅವರು ತಲೆ ಬಗ್ಗಿಸಿದರು. ಮುಂದಿನ ಸಾಲಿನ ಪುಟ್ಟ ಹುಡುಗಿಯೊಂದು, ತಾತನ ಗಡ್ಡ ಕಳಚಿ ಬಂದದ್ದು ನೋಡಿ ಜೋರಾಗಿ ಅಳತೊಡಗಿತು.

ಎಚ್‌ಆರ್ ಸಾಹೇಬರು ಅಪ್ಪನ ತೋಳು ಹಿಡಿದು ಪಿಸುಗುಟ್ಟಿದರು. "ಗಡ್ಡ ಹಾಕ್ಕೊಳ್ರೀ, ಗಡ್ಡ! ಮಕ್ಕಳು ಹೆದರ್ತಾ ಇದಾವೆ."

ಅಪ್ಪ ಗಡ್ಡವನ್ನು ಅವರ ಕೈಯಲ್ಲಿಟ್ಟು ಹೊರಟ. ಹಿಂದಿನಿಂದ ಯಾರೋ ಹಾಡು ಹಾಕಿದರು. ಗೇಟಿನಲ್ಲಿ ಸೆಕ್ಯೂರಿಟಿಯವನು ಅಂಗಿ ಬಾಡಿಗೆಯದೆಂದು ನೆನಪಿಸಿದ. ಅಪ್ಪ ಬೆಲ್ಟು ಬಿಚ್ಚಿದ; ಹೊಟ್ಟೆಯೊಳಗಿನ ವೇಸ್ಟ್ ಬಟ್ಟೆಯೆಲ್ಲ ಕಾಲ ಬಳಿ ಬಿತ್ತು. ಅಂಗಿಯನ್ನು ಮಡಚಿ ಕೊಟ್ಟು, ಕೆಂಪು ದಾರದ ಕಾರ್ಡನ್ನು ಅದರ ಮೇಲಿಟ್ಟು, ಬನಿಯನ್ನಿನಲ್ಲೇ ರಸ್ತೆಗಿಳಿದ. ಡಿಸೆಂಬರಿನ ಮಧ್ಯಾಹ್ನದ ಬಿಸಿಲು. ಎದುರಿಗೆ ಸಿಕ್ಕ ಒಬ್ಬ, "ಏನ್ಲಾ, ಹಬ್ಬದ ದಿನ್ದಾಗೆ ಬನೀನಲ್ಲಿ ಹೊಂಟಿದ್ದೀಯಾ?" ಎಂದು ಕೂಗಿದ. ಅಪ್ಪ ಕೈಯೆತ್ತಿ ಹೂಂಗುಟ್ಟಿದ. ನಾನು ಅವನ ಹೆಜ್ಜೆಗೆ ಹೆಜ್ಜೆ ಹಾಕಲಾರದೆ ಹಿಂದೆ ಓಡುತ್ತಿದ್ದೆ, ಅಷ್ಟು ಬಿರುಸಾಗಿ ನಡೆಯುತ್ತಿದ್ದ.

ಅವ್ವ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅವನ ಬನಿಯನ್ನು ನೋಡಿದಳು, ನನ್ನ ಮುಖ ನೋಡಿದಳು.

"ಏನಾಯ್ತು? ಕೊಟ್ರಾ?"

"ಎಲ್ಲಿ ಕೊಟ್ಟಾರು. ಇದ್ದಿದ್ದೂ ಓಯ್ತು ಅಂದ್ಕೋ." ಅಪ್ಪ ಅವಳ ಪಕ್ಕ ಕೂತು ಒಂದು ಹಿಡಿ ಅವರೆಕಾಯಿ ಕೈಗೆ ತೆಗೆದುಕೊಂಡ. "ಆದ್ರೆ ಈ ಸಲ ಒಬ್ನೂ ನಗ್ನಿಲ್ಲ ಕಣೆ."